ಕಂಡಿಶನಲ್ ಬ್ರೇಕ್‌ಪಾಯಿಂಟ್: ಯಾವುದನ್ನು ಎಲ್ಲಿ ಹಾಕಬೇಕು, ನಂಬುವ ಮೊದಲು ಹೇಗೆ ಪರೀಕ್ಷಿಸಬೇಕು

ಬದಿಯಡ್ಕದ ಒಂದು ಅಡಿಕೆ ಅಂಗಡಿಯ ಬಿಲ್ಲಿಂಗ್ ಪ್ರೋಗ್ರಾಂ ಅಂತ ಇಟ್ಟುಕೊಳ್ಳಿ. ಹೊಸ ಚಾಲಿ, ಹಳೆ ಚಾಲಿ, ಪಟೋರ, ಕರಿಗೋಟು ಎಲ್ಲ ಸೇರಿ 40,000 ಬಿಲ್‌ಗಳು ಒಂದು ಲೂಪ್‌ನಲ್ಲಿ (ಅದೇ ಸಾಲುಗಳು ಮತ್ತೆ ಮತ್ತೆ ಓಡುವ ಭಾಗದಲ್ಲಿ) ಹಾದುಹೋಗುತ್ತವೆ. ಮಾಲು ಕೇರಳದ ಒಳಗೇ ಮಾರಿಹೋದರೆ ತೆರಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಎಂದು ಎರಡು ಪಾಲಾಗಬೇಕು. ತಲಪಾಡಿ ದಾಟಿ ಮಂಗಳೂರಿನ ವ್ಯಾಪಾರಿಗೆ ಹೋದರೆ ಐಜಿಎಸ್‌ಟಿ ಒಂದೇ. ಜಿಎಸ್‌ಟಿ ನಂಬರಿನ ಮೊದಲ ಎರಡು ಅಂಕಿ ರಾಜ್ಯದ ಕೋಡ್: ಕೇರಳಕ್ಕೆ 32, ಕರ್ನಾಟಕಕ್ಕೆ 29. ಪ್ರೋಗ್ರಾಂ ಅದನ್ನು ನೋಡಿಯೇ ತೆರಿಗೆ ಹಾಕುತ್ತದೆ. ಆದರೆ ಎಲ್ಲೋ ಕೆಲವು ಬಿಲ್‌ಗಳಲ್ಲಿ ಮಂಗಳೂರಿಗೆ ಹೋದ ಮಾಲಿಗೂ ಎರಡು ಪಾಲಿನ ತೆರಿಗೆ ಬಿದ್ದಿದೆ. ಯಾಕೆ?

ಲೂಪ್ ಒಳಗೆ ಸಾದಾ ಬ್ರೇಕ್‌ಪಾಯಿಂಟ್ (ಈ ಸಾಲಿಗೆ ಬಂದಾಗ ನಿಲ್ಲು ಎಂಬ ಗುರುತು) ಹಾಕಿದರೆ ಮೊದಲ ಬಿಲ್‌ಗೇ ನಿಲ್ಲುತ್ತದೆ. ಮುಂದುವರಿಸಿದರೆ ಎರಡನೆಯದಕ್ಕೆ. ಮತ್ತೆ ಮೂರನೆಯದಕ್ಕೆ. 40,000 ಸಲ ಬಟನ್ ಒತ್ತುವವರು ಯಾರು? ಹಾಗಾಗಿ ಡಿಬಗರ್‌ಗೆ, ಅಂದರೆ ಪ್ರೋಗ್ರಾಂ ನಿಲ್ಲಿಸಿ ಒಳಗೆ ನೋಡಲು ಬಿಡುವ ಟೂಲ್‌ಗೆ, ಒಂದು ಕಂಡಿಶನ್ ಕೊಡುತ್ತೇವೆ: ಇಂಥದ್ದು ಆದಾಗ ಮಾತ್ರ ನಿಲ್ಲು, ಉಳಿದದ್ದನ್ನು ಬಿಡು.

ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಕಂಡಿಶನ್ ಹಾಕಲು ದಾರಿ ಒಂದಲ್ಲ. ಎಕ್ಸ್‌ಪ್ರೆಶನ್ (ನಿಜ ಅಥವಾ ಸುಳ್ಳು ಅಂತ ಉತ್ತರ ಬರುವ ಲೆಕ್ಕ) ಬರೆಯಬಹುದು, ಹಿಟ್ ಕೌಂಟ್ (ಎಷ್ಟನೇ ಸಲ ನಿಲ್ಲಬೇಕು) ಕೊಡಬಹುದು, ಲಾಗ್‌ಪಾಯಿಂಟ್ (ನಿಲ್ಲಿಸದೆ ಬರೆದು ತೋರಿಸುವುದು) ಹಾಕಬಹುದು, ವಾಚ್‌ಪಾಯಿಂಟ್ (ವೇರಿಯೆಬಲ್ ಬದಲಾದರೆ ನಿಲ್ಲುವುದು) ಇಡಬಹುದು, ಇಲ್ಲದಿದ್ದರೆ ಕೋಡ್‌ನಲ್ಲೇ ಒಂದು ಇಫ್ ಬರೆದು ಮುಗಿಸಬಹುದು. ನನ್ನ ಮಟ್ಟಿಗೆ ಆಯ್ಕೆ ನಿಂತಿರುವುದು ಎರಡು ಪ್ರಶ್ನೆಗಳ ಮೇಲೆ. ಆ ಸಾಲು ಎಷ್ಟು ಸಲ ಓಡುತ್ತದೆ? ಕಂಡಿಶನ್ ನಿಜವೋ ಸುಳ್ಳೋ ಅಂತ ನೋಡುವವರು ಯಾರು, ಓಡುತ್ತಿರುವ ಪ್ರೋಗ್ರಾಮೋ ಅಥವಾ ಹೊರಗೆ ಕೂತ ಡಿಬಗರೋ?

ಕಮಾಂಡ್‌ಗಳನ್ನೂ ವೇರಿಯೆಬಲ್ ಹೆಸರುಗಳನ್ನೂ ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಕಮಾಂಡ್‌ಗಳನ್ನು ಮಾತ್ರ ನೀವು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ. ವೇರಿಯೆಬಲ್‌ಗೆ ಪೈಥಾನ್ 3ರಲ್ಲಿ ನಿಜವಾಗಿಯೂ ಕನ್ನಡ ಹೆಸರು ಇಡಬಹುದು, ಅದು ತಮಾಷೆಯಲ್ಲ.

ಒಳಗಿನ ಲೆಕ್ಕ, ಹೊರಗಿನ ಲೆಕ್ಕ

ಸಿ ಅಥವಾ ಸಿ++ ಪ್ರೋಗ್ರಾಂ ಅನ್ನು ಜಿಡಿಬಿ ಎಂಬ ಡಿಬಗರ್‌ನಲ್ಲಿ ಓಡಿಸುತ್ತಿದ್ದೀರಿ ಅನ್ನಿ. ಬ್ರೇಕ್‌ಪಾಯಿಂಟ್ ಹಾಕಿದ ಜಾಗದಲ್ಲಿ ಜಿಡಿಬಿ ಮೆಷಿನ್ ಕೋಡ್‌ನ ಸೂಚನೆಯನ್ನು ತೆಗೆದು ಒಂದು ಟ್ರ್ಯಾಪ್ ಸೂಚನೆ (ಇಲ್ಲಿ ನಿಲ್ಲು ಎಂಬ ಸೂಚನೆ) ಇಡುತ್ತದೆ. ಇಂಟೆಲ್, ಎಎಂಡಿ ಪ್ರೊಸೆಸರ್‌ಗಳಲ್ಲಿ ಅದು ಒಂದೇ ಬೈಟ್. ಪ್ರೋಗ್ರಾಂ ಅಲ್ಲಿಗೆ ಬಂದ ಕೂಡಲೇ ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಅದನ್ನು ನಿಲ್ಲಿಸಿ ಜಿಡಿಬಿಯನ್ನು ಎಬ್ಬಿಸುತ್ತದೆ. ಜಿಡಿಬಿ ಪ್ರೋಗ್ರಾಂನ ಮೆಮೊರಿ ಓದಿ ಕಂಡಿಶನ್ ಲೆಕ್ಕ ಹಾಕುತ್ತದೆ. ಸುಳ್ಳು ಅಂತ ಬಂದರೆ ಮೂಲ ಸೂಚನೆಯನ್ನು ಒಂದು ಹೆಜ್ಜೆ ಓಡಿಸಿ ಪ್ರೋಗ್ರಾಂ ಅನ್ನು ಮುಂದೆ ಬಿಡುತ್ತದೆ. ಜಿಎಸ್‌ಟಿ ಬರುವ ಮೊದಲು ಮಂಜೇಶ್ವರದ ತೆರಿಗೆ ಚೆಕ್‌ಪೋಸ್ಟ್‌ನಲ್ಲಿ ಆಗುತ್ತಿದ್ದದ್ದು ಇದೇ ಅಲ್ವಾ? ಹಿಡಿಯಬೇಕಾದದ್ದು ಒಂದು ಲಾರಿ, ಆದರೆ ಸಾಲಿನಲ್ಲಿ ನಿಲ್ಲಬೇಕಾದದ್ದು ಎಲ್ಲ ಲಾರಿ.

ಅಂದರೆ ನಿಮಗೆ ಕಾಣುವುದು ಒಂದು ನಿಲುಗಡೆ, ಒಳಗೆ ಆಗುವುದು 40,000 ನಿಲುಗಡೆ. 40,000ಕ್ಕೆ ಅಷ್ಟೇನೂ ತೊಂದರೆ ಇಲ್ಲ. ಲೂಪ್ ಕೋಟಿ ಸಲ ಸುತ್ತುತ್ತಿದ್ದರೆ ಮಾತ್ರ ಚಾ ಕುಡಿದು ಬಂದರೂ ಮುಗಿದಿರುವುದಿಲ್ಲ. ಎಲ್‌ಎಲ್‌ಡಿಬಿ ಎಂಬ ಇನ್ನೊಂದು ಡಿಬಗರ್‌ನ ಕಥೆಯೂ ಹೆಚ್ಚುಕಡಿಮೆ ಇದೇ.

ಜಾವಾದಲ್ಲಿ ಡಿಬಗರ್ ಮತ್ತು ಪ್ರೋಗ್ರಾಂ ಓಡಿಸುವ ವರ್ಚುವಲ್ ಮೆಷಿನ್ ಜೆಡಿಡಬ್ಲ್ಯೂಪಿ ಎಂಬ ಪ್ರೋಟೋಕಾಲ್‌ನಲ್ಲಿ ಮಾತಾಡುತ್ತವೆ. ಎಕ್ಲಿಪ್ಸ್‌ನಲ್ಲೋ ಇಂಟೆಲಿಜೆಯಲ್ಲೋ ನೀವು ಬರೆದ ಕಂಡಿಶನ್ ಅನ್ನು ಸಾಮಾನ್ಯವಾಗಿ ಐಡಿಇ (ಕೋಡ್ ಬರೆಯುವ ಆ ಟೂಲ್) ಕಡೆಯಿಂದಲೇ ಲೆಕ್ಕ ಹಾಕುತ್ತಾರೆ. ಎರಡೂ ಒಂದೇ ಲ್ಯಾಪ್‌ಟಾಪ್‌ನಲ್ಲಿದ್ದರೆ ಪರವಾಗಿಲ್ಲ. ಆದರೆ ಮುಳ್ಳೇರಿಯದ ಮನೆಯಲ್ಲಿ ಕೂತು ಬೆಂಗಳೂರಿನ ಸರ್ವರ್‌ಗೆ ರಿಮೋಟ್ ಡಿಬಗರ್ ಹಚ್ಚುವವರು ನಮ್ಮ ಕಡೆ ಈಗ ಕಡಿಮೆ ಏನಿಲ್ಲ. ಹೋಗಿ ಬರಲು 40 ಮಿಲಿಸೆಕೆಂಡ್ ಅಂತ ಹಿಡಿಯಿರಿ. ಒಂದು ನಿಲುಗಡೆಗೆ ಒಂದೇ ಸುತ್ತು ಎಂದರೂ 40,000 ಬಿಲ್‌ಗೆ 1,600 ಸೆಕೆಂಡ್, ಸುಮಾರು 27 ನಿಮಿಷ. ನಿಜದಲ್ಲಿ ಒಂದು ಕಂಡಿಶನ್‌ಗೆ ಹಲವು ಸುತ್ತು ಬೇಕಾಗುತ್ತದೆ. ಅಷ್ಟರಲ್ಲಿ ಮಳೆಗಾಲವಾದರೆ ಕರೆಂಟ್ ಒಮ್ಮೆ ಹೋಗಿ ಬಂದಿರುತ್ತದೆ.

ಪೈಥಾನ್‌ನ ಡಿಬಗರ್ ಪಿಡಿಬಿಯೂ, ವಿಎಸ್ ಕೋಡ್ ಎಂಬ ಎಡಿಟರ್ ಬಳಸುವ ಡಿಬಗ್‌ಪೈಯೂ ಕಂಡಿಶನ್ ಅನ್ನು ಪ್ರೋಗ್ರಾಂ ಒಳಗೇ ಲೆಕ್ಕ ಹಾಕುತ್ತವೆ. ಕ್ರೋಮ್‌ನಲ್ಲಿ ಅದು ಜಾವಾಸ್ಕ್ರಿಪ್ಟ್ ಓಡಿಸುವ ವಿ8 ಎಂಜಿನ್‌ನ ಒಳಗೇ ಆಗುತ್ತದೆ. ಇಲ್ಲಿ ನೆಟ್‌ವರ್ಕ್ ದೂರದ ಪೆಟ್ಟು ಇಲ್ಲ. ಪೈಥಾನ್‌ನಲ್ಲಿ ಡಿಬಗರ್ ಹಚ್ಚಿದ್ದಕ್ಕೇ ಒಂದಷ್ಟು ನಿಧಾನ ಆಗುತ್ತದೆ, ಅದು ಬೇರೆ ಮಾತು. 2023ರ ಪೈಥಾನ್ 3.12 ಆ ಭಾರ ಇಳಿಸಲು ಹೊಸ ಮಾನಿಟರಿಂಗ್ ವ್ಯವಸ್ಥೆಯನ್ನು ತಂದಿದೆ.

ದೂರದ ಮೆಷಿನ್ ಆದರೆ ನನ್ನ ಸಲಹೆ ಒಂದೇ: ಡಿಬಗರನ್ನೂ ಅಲ್ಲಿಗೇ ಕಳಿಸಿ. ವಿಎಸ್ ಕೋಡ್‌ನ ರಿಮೋಟ್ ಎಸ್‌ಎಸ್‌ಎಚ್ ಬಳಸಿದರೆ ಡಿಬಗರ್ ಸರ್ವರ್‌ನಲ್ಲೇ ಓಡುತ್ತದೆ, ನಿಮ್ಮಲ್ಲಿಗೆ ಬರುವುದು ಪರದೆ ಮಾತ್ರ. ಜಿಡಿಬಿ ಸರ್ವರ್‌ನಲ್ಲೂ ಕಂಡಿಶನ್ ಅನ್ನು ಆ ಕಡೆಯಲ್ಲೇ ಲೆಕ್ಕ ಹಾಕಿಸುವ ಸೆಟ್ಟಿಂಗ್ ಇದೆ.

ನಿಮಗೆ ಏನು ಗೊತ್ತಿದೆ?

ತಪ್ಪಾದ ಬಿಲ್‌ನ ನಂಬರ್ ಗೊತ್ತಿದ್ದರೆ ಯೋಚನೆಯೇ ಬೇಡ. ಎಕ್ಸ್‌ಪ್ರೆಶನ್ ಬರೆಯಿರಿ: ಬಿಲ್_ನಂಬರ್ == 4172. ಜಿಡಿಬಿಯಲ್ಲಿ "ಬ್ರೇಕ್ ಬಿಲ್.ಸಿ:88 ಇಫ್ ಬಿಲ್_ನಂಬರ್ == 4172". ಪಿಡಿಬಿಯಲ್ಲಿ ಇಫ್ ಬದಲು ಅಲ್ಪವಿರಾಮ ಹಾಕಿ ಕಂಡಿಶನ್ ಬರೆಯುತ್ತಾರೆ. ವಿಎಸ್ ಕೋಡ್‌ನಲ್ಲಿ ಸಾಲಿನ ಎಡಗಡೆ ರೈಟ್ ಕ್ಲಿಕ್.

ನಂಬರ್ ಗೊತ್ತಿಲ್ಲ, ಎಲ್ಲೋ ಕ್ರ್ಯಾಶ್ ಆಗುತ್ತದೆ ಅಂತ ಮಾತ್ರ ಗೊತ್ತು ಅನ್ನಿ. ಆಗ ಹಿಟ್ ಕೌಂಟ್ ಒಳ್ಳೆಯದು. ಇದರಲ್ಲಿ ಜಿಡಿಬಿಯ ಒಂದು ಹಳೆಯ ಉಪಾಯ ನನಗೆ ತುಂಬ ಇಷ್ಟ. ಕಂಡಿಶನ್ ಇಲ್ಲದ ಬ್ರೇಕ್‌ಪಾಯಿಂಟ್ ಹಾಕಿ, "ಇಗ್ನೋರ್ 1 1000000" ಅಂತ ಕೊಡಿ. ಅಂದರೆ ಹತ್ತು ಲಕ್ಷ ಸಲ ಬಿಟ್ಟುಬಿಡು ಅಂತ. ಪ್ರೋಗ್ರಾಂ ಓಡಿಸಿ, ಅದು ಕ್ರ್ಯಾಶ್ ಆಗಲಿ. ಈಗ "ಇನ್ಫೋ ಬ್ರೇಕ್‌ಪಾಯಿಂಟ್ಸ್" ಕೇಳಿದರೆ ಆ ಸಾಲು ಎಷ್ಟು ಸಲ ತಾಗಿದೆ ಅಂತ ತೋರಿಸುತ್ತದೆ. 23,518 ಅಂತ ಬಂತು ಅನ್ನಿ. ಎರಡನೇ ಸಲ ಓಡಿಸುವಾಗ ಇಗ್ನೋರ್ 23,517 ಕೊಡಿ. ಕ್ರ್ಯಾಶ್ ಆಗುವ ಸುತ್ತಿನ ಬಾಗಿಲಲ್ಲೇ ನಿಲ್ಲುತ್ತದೆ. ಡೇಟಾ ಪ್ರತಿ ಸಲ ಅದೇ ಕ್ರಮದಲ್ಲಿ ಬಂದರೆ ಮಾತ್ರ ಇದು ನಡೆಯುತ್ತದೆ. ಎರಡು ಮೂರು ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಒಟ್ಟೊಟ್ಟಿಗೆ ಓಡುವ ಎಳೆಗಳು) ಸೇರಿ ಕೆಲಸ ಮಾಡುವಲ್ಲಿ ಈ ಲೆಕ್ಕ ಕೈಕೊಡುತ್ತದೆ.

ಹಿಟ್ ಕೌಂಟ್‌ನ ರೂಪ ಎಲ್ಲ ಕಡೆ ಒಂದೇ ಅಲ್ಲ. ವಿಷುವಲ್ ಸ್ಟುಡಿಯೋದಲ್ಲಿ "ಇಷ್ಟಕ್ಕೆ ಸಮ", "ಇಷ್ಟರ ಗುಣಕ", "ಇಷ್ಟು ಅಥವಾ ಜಾಸ್ತಿ" ಅಂತ ಮೂರು ಬಗೆ. ಎಕ್ಲಿಪ್ಸ್‌ನಲ್ಲಿ ಎಣಿಕೆ ಮುಟ್ಟಿದ ಮೇಲೆ ಬ್ರೇಕ್‌ಪಾಯಿಂಟ್ ತಾನಾಗಿ ಆಫ್ ಆಗುತ್ತದೆ, ಗೊತ್ತಿಲ್ಲದವರು ಕಂಗಾಲಾಗುತ್ತಾರೆ. ಕಂಡಿಶನ್ ಮತ್ತು ಕೌಂಟ್ ಎರಡನ್ನೂ ಒಟ್ಟಿಗೆ ಕೊಟ್ಟರೆ, ಎಲ್ಲ ಸುತ್ತನ್ನೂ ಎಣಿಸುತ್ತದೋ ಕಂಡಿಶನ್ ನಿಜವಾದ ಸುತ್ತನ್ನು ಮಾತ್ರವೋ ಎಂಬುದೂ ಟೂಲ್‌ನಿಂದ ಟೂಲ್‌ಗೆ ಬದಲು. ಹತ್ತು ಸುತ್ತಿನ ಒಂದು ಸಣ್ಣ ಲೂಪ್ ಬರೆದು ನಿಮ್ಮ ಟೂಲ್ ಏನು ಮಾಡುತ್ತದೆ ಅಂತ ನೋಡಿಬಿಡಿ. ಅಥವಾ ಎರಡನ್ನೂ ಒಟ್ಟಿಗೆ ಕೊಡಲೇಬೇಡಿ. ನಾನು ಕೊಡುವುದಿಲ್ಲ.

ಒಂದು ವೇರಿಯೆಬಲ್‌ನ ಬೆಲೆ (ಅದರೊಳಗಿನ ಮೌಲ್ಯ) ಕೆಟ್ಟಿದೆ, ಆದರೆ ಯಾವ ಸಾಲು ಕೆಡಿಸಿತು ಅಂತ ಗೊತ್ತಿಲ್ಲ. ಆಗ ಸಾಲಿನ ಮೇಲೆ ಕಾವಲು ಕೂತು ಪ್ರಯೋಜನವಿಲ್ಲ, ವೇರಿಯೆಬಲ್ ಮೇಲೆಯೇ ಕೂರಬೇಕು. ಜಿಡಿಬಿಯ "ವಾಚ್" ಅದಕ್ಕೇ ಇರುವುದು. ಇಂಟೆಲ್ ಬಗೆಯ ಪ್ರೊಸೆಸರ್‌ನಲ್ಲಿ ಇದಕ್ಕೆಂದೇ ನಾಲ್ಕು ವಿಳಾಸ ರಿಜಿಸ್ಟರ್‌ಗಳಿವೆ, ಒಂದೊಂದೂ ಹೆಚ್ಚೆಂದರೆ 8 ಬೈಟ್ ಕಾಯುತ್ತದೆ. ಅದರೊಳಗೆ ಹಿಡಿದರೆ ಪ್ರೋಗ್ರಾಂ ಪೂರ್ತಿ ವೇಗದಲ್ಲಿ ಓಡುತ್ತದೆ. ಹಿಡಿಯದಿದ್ದರೆ ಜಿಡಿಬಿ ಒಂದೊಂದೇ ಸೂಚನೆ ಓಡಿಸಿ ಪ್ರತಿ ಸಲ ಬೆಲೆ ನೋಡುತ್ತದೆ. ಆಗ ನೂರಾರು ಪಟ್ಟು ನಿಧಾನ. ವಾಚ್ ಹಾಕಿದ ಕೂಡಲೇ "ಹಾರ್ಡ್‌ವೇರ್ ವಾಚ್‌ಪಾಯಿಂಟ್" ಅಂತ ಬಂತೋ ಬರೀ "ವಾಚ್‌ಪಾಯಿಂಟ್" ಅಂತ ಬಂತೋ ಗಮನಿಸಿ. ಲಿನಕ್ಸ್‌ನಲ್ಲಿ ಕೆಲಸ ಮಾಡುವವರಿಗೆ ಮೊಜಿಲ್ಲಾದಲ್ಲಿ ಹುಟ್ಟಿದ ಆರ್‌ಆರ್ ಎಂಬ ಟೂಲ್ ಇನ್ನೂ ಒಂದು ಹೆಜ್ಜೆ ಮುಂದೆ: ಒಮ್ಮೆ ರೆಕಾರ್ಡ್ ಮಾಡಿಕೊಂಡು, ಕೆಟ್ಟ ಬೆಲೆ ಕಂಡಲ್ಲಿಂದ ವಾಚ್ ಹಾಕಿ ಹಿಂದಕ್ಕೆ ಓಡಿಸಬಹುದು.

ನಿಲ್ಲಿಸುವುದೇ ತೊಂದರೆ ಆಗುವ ಜಾಗಗಳಿವೆ. ನಿಲ್ಲಿಸಿದರೆ ಆ ಕಡೆಯವರು ಟೈಮ್‌ಔಟ್ ಅಂತ ಸಂಪರ್ಕ ಕಡಿಯುತ್ತಾರೆ, ಅಥವಾ ಥ್ರೆಡ್‌ಗಳ ಓಟ ಬದಲಾಗಿ ಬಗ್ ಮಾಯವಾಗುತ್ತದೆ. ಅಲ್ಲಿಗೆ ಲಾಗ್‌ಪಾಯಿಂಟ್. ವಿಎಸ್ ಕೋಡ್‌ನಲ್ಲಿ 2018ರಿಂದ, ಕ್ರೋಮ್‌ನಲ್ಲಿ 2019ರಿಂದ ಇದೆ. ಕೋಡ್ ಮುಟ್ಟದೆ, ಮತ್ತೆ ಬಿಲ್ಡ್ ಮಾಡದೆ, ಪ್ರಿಂಟ್ ಹಾಕಿದ ಹಾಗೆ. ಜಿಡಿಬಿಯಲ್ಲಿ "ಡಿಪ್ರಿಂಟ್‌ಎಫ್". ಹೊರಗೆ ಲೆಕ್ಕ ಹಾಕುವ ಡಿಬಗರ್‌ನಲ್ಲಿ ಲಾಗ್‌ಪಾಯಿಂಟ್‌ಗೂ ಒಳಗೊಳಗೇ ನಿಲುಗಡೆ ಇದ್ದೇ ಇರುತ್ತದೆ, ಅದು ಪುಕ್ಕಟೆ ಅಂತ ತಿಳಿಯಬೇಡಿ.

ಇನ್ನೊಂದು ಬಗೆಯನ್ನು ಜನ ಯಾಕೋ ಜಾಸ್ತಿ ಬಳಸುವುದಿಲ್ಲ: ಬೇರೊಂದು ಬ್ರೇಕ್‌ಪಾಯಿಂಟ್ ತಾಗಿದ ಮೇಲೆ ಮಾತ್ರ ಎಚ್ಚರವಾಗುವ ಬ್ರೇಕ್‌ಪಾಯಿಂಟ್. ರದ್ದಾದ ಬಿಲ್‌ಗಳ ಫಂಕ್ಷನ್‌ಗೆ ಹೋದ ಮೇಲೆ ತೆರಿಗೆಯ ಸಾಲಿನಲ್ಲಿ ನಿಲ್ಲು, ಅದಕ್ಕಿಂತ ಮೊದಲು ಬೇಡ ಅನ್ನುವುದಕ್ಕೆ ಎಷ್ಟು ಉದ್ದದ ಎಕ್ಸ್‌ಪ್ರೆಶನ್ ಬರೆದರೂ ಸಾಲದು. ಇಂಟೆಲಿಜೆಯಲ್ಲಿ ಇದು ಮೊದಲಿಂದ ಇತ್ತು. ವಿಎಸ್ ಕೋಡ್‌ಗೆ 2024ರಲ್ಲಿ ಬಂತು.

ನಿಲ್ಲದಿದ್ದರೆ ಏನು ಅರ್ಥ?

ಸಾದಾ ಬ್ರೇಕ್‌ಪಾಯಿಂಟ್ ತಪ್ಪಿದರೆ ಗೊತ್ತಾಗುತ್ತದೆ. ಕಂಡಿಶನಲ್ ತಪ್ಪಿದರೆ ಗೊತ್ತಾಗುವುದೇ ಇಲ್ಲ. ಪ್ರೋಗ್ರಾಂ ಕೊನೆಯವರೆಗೆ ಓಡಿ ಮುಗಿಯುತ್ತದೆ. ಓ, ಆ ಥರದ ಬಿಲ್ ಬಂದೇ ಇಲ್ಲ ಅಂತ ನಾವು ಬೇರೆ ಕಡೆ ಹುಡುಕಲು ಹೊರಡುತ್ತೇವೆ. ಕಂಡಿಶನ್ ಕೂಡ ಕೋಡೇ. ಅದರಲ್ಲೂ ಬಗ್ ಇರುತ್ತದೆ.

ನಮ್ಮ ಬಿಲ್‌ಗಳ ವಿಷಯವನ್ನೇ ತೆಗೆದುಕೊಳ್ಳಿ. ಎಂಜಿನಿಯರಿಂಗ್ ಓದುವ ಪಕ್ಕದ ಮನೆಯ ಹುಡುಗ ಇದಕ್ಕೆ ಕಂಡಿಶನ್ ಹಾಕಿ ಕೂತಿದ್ದ.

"ಅಣ್ಣಾ, ಇದು ನಿಲ್ಲುವುದೇ ಇಲ್ಲ."

"ಏನು ಬರೆದಿದ್ದೀಯ, ಓದು ನೋಡುವ."

"ರಾಜ್ಯ_ಕೋಡ್ == 29."

"ಡೇಟಾ ಎಲ್ಲಿಂದ ಬರುವುದು ಮಾರಾಯ?"

"ಸಿಎಸ್‌ವಿ ಫೈಲಿನಿಂದ."

ಸಿಎಸ್‌ವಿ ಎಂದರೆ ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಪಠ್ಯ, ಅದರಿಂದ ಓದಿದ್ದೆಲ್ಲ ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು. ಪೈಥಾನ್‌ನಲ್ಲಿ "29" ಎಂಬ ಸ್ಟ್ರಿಂಗೂ 29 ಎಂಬ ಸಂಖ್ಯೆಯೂ ಎಂದೂ ಸಮ ಆಗುವುದಿಲ್ಲ. ದೂರು ಕೂಡ ಹೇಳುವುದಿಲ್ಲ, ಸುಮ್ನೆ ಸುಳ್ಳು ಅನ್ನುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಎರಡು ಸಮ ಚಿಹ್ನೆ ಹಾಕಿದರೆ ನಿಜ, ಮೂರು ಹಾಕಿದರೆ ಸುಳ್ಳು. ಕೋಟ್ ಹಾಕಿ "29" ಮಾಡಿದ. ಈಗ ನಿಂತಿತು, ಆದರೆ ನಿಂತದ್ದೆಲ್ಲ ಸರಿಯಾದ ಬಿಲ್‌ಗಳಲ್ಲೇ! ತಪ್ಪಾದವು ಈಗಲೂ ತಪ್ಪಿಸಿಕೊಳ್ಳುತ್ತಿದ್ದವು.

ಯಾಕೆಂದರೆ ತಪ್ಪಾದ ಬಿಲ್‌ನಲ್ಲಿ ರಾಜ್ಯ_ಕೋಡ್ 29 ಅಲ್ಲವೇ ಅಲ್ಲ. ಟೈಪ್ ಮಾಡಿದವರು ಜಿಎಸ್‌ಟಿ ನಂಬರಿನ ಮುಂದೆ ಒಂದು ಸ್ಪೇಸ್ ಬಿಟ್ಟಿದ್ದರು. ಮೊದಲ ಎರಡು ಅಕ್ಷರ ತೆಗೆದರೆ ಸಿಗುವುದು ಒಂದು ಸ್ಪೇಸ್, ಒಂದು 2. ಅದು 29 ಅಲ್ಲ, ಹಾಗಾಗಿ ಬೇರೆ ರಾಜ್ಯ ಅಂತ ಪ್ರೋಗ್ರಾಂಗೆ ಅನಿಸಲಿಲ್ಲ, ಊರಿನ ತೆರಿಗೆ ಹಾಕಿತು. ಇದನ್ನು ಹಿಡಿಯುವ ಕಂಡಿಶನ್ ಬೇರೆ ಥರ ಇರಬೇಕು: ಪಿನ್ ಕೋಡ್ 575ರಿಂದ ಶುರುವಾಗಿದೆ, ಆದರೂ ರಾಜ್ಯ_ಕೋಡ್ "29" ಅಲ್ಲ. ಅಥವಾ ಇನ್ನೂ ಸುಲಭ: ಜಿಎಸ್‌ಟಿ ನಂಬರಿನ ಉದ್ದ 15 ಅಲ್ಲ. ನಿಮ್ಮ ಊಹೆಯನ್ನು ಕಂಡಿಶನ್ ಆಗಿ ಬರೆದರೆ ಊಹೆಗೆ ಹೊಂದುವುದು ಮಾತ್ರ ಸಿಗುತ್ತದೆ. ಆಗಬಾರದ್ದನ್ನು ಬರೆದರೆ ಬಗ್ ಸಿಗುತ್ತದೆ.

ಕಂಡಿಶನ್ ಅನ್ನು ಪರೀಕ್ಷಿಸಲು ನಾನು ಮಾಡುವುದು ಇಷ್ಟು. ಮೊದಲು ಅದೇ ಸಾಲಿನಲ್ಲಿ ಸಾದಾ ಬ್ರೇಕ್‌ಪಾಯಿಂಟ್ ಹಾಕಿ ಒಮ್ಮೆ ನಿಲ್ಲಿಸುತ್ತೇನೆ. ನಿಂತಲ್ಲಿಯೇ ಆ ಎಕ್ಸ್‌ಪ್ರೆಶನ್ ಅನ್ನು ಕೈಯಾರೆ ಓಡಿಸಿ ನೋಡುತ್ತೇನೆ: ಜಿಡಿಬಿಯಲ್ಲಿ "ಪ್ರಿಂಟ್", ಪಿಡಿಬಿಯಲ್ಲಿ "ಪಿ", ವಿಎಸ್ ಕೋಡ್‌ನಲ್ಲಿ ಡಿಬಗ್ ಕನ್ಸೋಲ್. ಪಿಡಿಬಿಯ "ಪಿ" ಸ್ಟ್ರಿಂಗ್ ಅನ್ನು ಕೋಟ್ ಸಮೇತ ತೋರಿಸುತ್ತದೆ, ಮುಂದಿನ ಸ್ಪೇಸ್ ಕೂಡ ಅದರಲ್ಲಿ ಕಣ್ಣಿಗೆ ಬೀಳುತ್ತದೆ. ಆಮೇಲೆ ನಾಲ್ಕೈದು ಬಿಲ್ ಇರುವ ಸಣ್ಣ ಫೈಲ್ ಮಾಡಿ, ಒಂದರಲ್ಲಿ ಬೇಕಂತಲೇ ಆ ತಪ್ಪನ್ನು ಇಡುತ್ತೇನೆ. ಅಲ್ಲಿ ನಿಲ್ಲಬೇಕು, ಉಳಿದವಕ್ಕೆ ನಿಲ್ಲಬಾರದು. ಎರಡೂ ಆದ ಮೇಲೆ ದೊಡ್ಡ ಫೈಲ್.

ಸಣ್ಣ ಫೈಲ್ ಮಾಡಲು ಪುರುಸೊತ್ತಿಲ್ಲದಿದ್ದರೆ ಕಂಡಿಶನ್ ಅನ್ನು ತಿರುಗಿಸಿ ಹಾಕಿ ನೋಡಿ. ನಿಜವಾದಾಗಲೂ ನಿಲ್ಲಲಿಲ್ಲ, ತಿರುಗಿಸಿದಾಗಲೂ ನಿಲ್ಲಲಿಲ್ಲ ಎಂದರೆ ಎರಡೇ ಸಾಧ್ಯತೆ. ಆ ಸಾಲು ಓಡುತ್ತಲೇ ಇಲ್ಲ, ಅಥವಾ ಕಂಡಿಶನ್ ಲೆಕ್ಕ ಹಾಕುವಾಗಲೇ ಎಡವುತ್ತಿದೆ.

ಎಡವಿದಾಗ ಏನಾಗುತ್ತದೆ ಎಂಬುದರಲ್ಲಿ ಟೂಲ್‌ಗಳ ಗುಣ ಬೇರೆ ಬೇರೆ. ಟೂಲ್ ಆರಿಸುವಾಗ ಇದನ್ನು ಯಾರೂ ನೋಡುವುದಿಲ್ಲ, ನೋಡಬೇಕು. ಜಿಡಿಬಿ ದೋಷ ತೋರಿಸಿ ಅಲ್ಲೇ ನಿಲ್ಲುತ್ತದೆ. ಪಿಡಿಬಿಯೂ ನಿಲ್ಲುತ್ತದೆ: ಸಂಶಯ ಬಂದರೆ ನಿಲ್ಲುವುದೇ ಲೇಸು ಎಂಬ ಲೆಕ್ಕ. ಇಂಟೆಲಿಜೆ ಒಂದು ಕಿಟಕಿ ತೆರೆದು, ಕಂಡಿಶನ್‌ನಲ್ಲಿ ತೊಂದರೆ ಇದೆ, ನಿಲ್ಲಲೋ ಅಂತ ಕೇಳುತ್ತದೆ. ಕ್ರೋಮ್ ಮಾತ್ರ ಅದನ್ನು ಸುಳ್ಳು ಅಂತ ಹಿಡಿದು ಸದ್ದಿಲ್ಲದೆ ಮುಂದೆ ಹೋಗುತ್ತದೆ. ಹೆಸರಿನಲ್ಲಿ ಒಂದಕ್ಷರ ತಪ್ಪಿದರೂ, ಖಾಲಿ ಆಬ್ಜೆಕ್ಟ್‌ನ ಒಳಗೆ ಕೈ ಹಾಕಿದರೂ ಹಾಗೇ. ಹಾಗಾಗಿ ಬ್ರೌಸರ್‌ನಲ್ಲಿ ಕೆಲಸ ಮಾಡುವವರು ಕಂಡಿಶನ್ ಅನ್ನು ಕನ್ಸೋಲ್‌ನಲ್ಲಿ ಓಡಿಸಿ ನೋಡದೆ ಬಿಡಲೇಬಾರದು.

ಕನ್ನಡದ ಸ್ಟ್ರಿಂಗ್‌ಗಳು

ಊರಿನ ಹೆಸರಿನ ಮೇಲೆ ಕಂಡಿಶನ್ ಹಾಕುವವರಿಗೆ ಇದು. ಊರು == "ಕಾಸರಗೋಡು" ಅಂತ ಬರೆದಿದ್ದೀರಿ. ಪರದೆಯ ಮೇಲೆ ಎರಡೂ ಕಡೆ ಕಾಸರಗೋಡು ಅಂತಲೇ ಕಾಣುತ್ತದೆ. ಆದರೂ ನಿಲ್ಲುವುದಿಲ್ಲ. ಪೈಥಾನ್‌ನಲ್ಲಿ ಉದ್ದ ಕೇಳಿ. ಒಂದರದ್ದು 8, ಇನ್ನೊಂದರದ್ದು 10 ಬರಬಹುದು.

ಕಾರಣ "ಗೋ" ಅಕ್ಷರದ ಓಕಾರದ ಗುರುತು. ಯೂನಿಕೋಡ್‌ನಲ್ಲಿ ಅದನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಗುರುತು, ಊಕಾರದ ಗುರುತು, ದೀರ್ಘದ ಗುರುತು ಎಂದು ಮೂರು ಸಂಕೇತಗಳಾಗಿಯೂ ಬರೆಯಬಹುದು. ಎರಡೂ ಸರಿ, ಕಾಣುವುದೂ ಒಂದೇ ಥರ, ಆದರೆ ಬೈಟ್‌ಗಳು ಬೇರೆ. ಹಳೆಯ ಮ್ಯಾಕ್‌ಗಳ ಫೈಲ್ ಸಿಸ್ಟಮ್ ಫೈಲ್ ಹೆಸರುಗಳನ್ನು ಬಿಡಿಸಿದ ರೂಪದಲ್ಲೇ ಇಡುತ್ತಿತ್ತು. ಯಾವುದೋ ಕನ್ವರ್ಟರ್‌ನಿಂದ ಬಂದ ಡೇಟಾದಲ್ಲೂ ಹೀಗಿರಬಹುದು. ಇದು ಸಾಲದೆಂದು ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯಿನರ್ ಎಂಬ ಸಂಕೇತ ಬೇರೆ. ಕಾಸರಗೋಡ್ ಅಂತ ಅರ್ಧಾಕ್ಷರದಲ್ಲಿ ಮುಗಿಸಿದವರ ಕೀಬೋರ್ಡ್ ಅದನ್ನು ಕೊನೆಗೆ ಅಂಟಿಸಿರಬಹುದು. ತಮಾಷೆ ಏನೆಂದರೆ ಪೈಥಾನ್ ವೇರಿಯೆಬಲ್ ಹೆಸರುಗಳನ್ನು ಒಂದೇ ರೂಪಕ್ಕೆ ತಂದು ಹೋಲಿಸುತ್ತದೆ, ಸ್ಟ್ರಿಂಗ್‌ಗಳನ್ನು ಮಾತ್ರ ಇದ್ದ ಹಾಗೇ ಬಿಡುತ್ತದೆ.

ನಾರ್ಮಲೈಸ್ ಮಾಡಿ, ಅಂದರೆ ಎರಡನ್ನೂ ಒಂದೇ ರೂಪಕ್ಕೆ ತಂದು, ಹೋಲಿಸಬಹುದು. ಆದರೆ ಕಂಡಿಶನ್ ಒಳಗೆ ಅಷ್ಟೆಲ್ಲ ತುರುಕುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕಿಂತ ಅಂಕಿಯ ಮೇಲೆ ಕಂಡಿಶನ್ ಹಾಕಿ. ಕುಂಬಳೆ, ಕುಂಬ್ಳೆ, ಕುಂಬಳ ಅಂತ ಮೂರು ಥರ ಬರೆಯುವ ಊರಿಗೆ 671321 ಎಂಬ ಪಿನ್ ಒಂದೇ. ಗಡಿನಾಡಿನಲ್ಲಿ ಮಂಜೇಶ್ವರವನ್ನು ಮಲಯಾಳಂ ಫಾರ್ಮ್ ನೋಡಿ ಮಂಜೇಶ್ವರಂ ಅಂತ ಟೈಪ್ ಮಾಡುವವರೂ ಇದ್ದಾರೆ. ಹೆಸರನ್ನು ನಂಬಿದರೆ ಮುಗಿಯುವುದಿಲ್ಲ.

ಸಿ ಭಾಷೆಯಲ್ಲಿ ಇದಕ್ಕಿಂತ ಮೊದಲೇ ಎಡವುತ್ತೀರಿ, ಯಾಕೆಂದರೆ ಅಲ್ಲಿ ಎರಡು ಸಮ ಚಿಹ್ನೆ ಹೋಲಿಸುವುದು ಅಕ್ಷರಗಳನ್ನಲ್ಲ, ವಿಳಾಸಗಳನ್ನು. ಸ್ಟ್ರಿಂಗ್ ಹೋಲಿಸುವ ಫಂಕ್ಷನ್ ಅನ್ನೇ ಕರೆಯಬೇಕು. ಜಾವಾದಲ್ಲೂ ಈಕ್ವಲ್ಸ್ ಬಳಸಿ, ಅದೂ ನಿಮ್ಮ ಸ್ಟ್ರಿಂಗ್ ಮುಂದೆ ಬರುವ ಹಾಗೆ. ಆಗ ಆ ಕಡೆ ನಲ್ (ಏನೂ ಇಲ್ಲ ಎಂಬ ಗುರುತು) ಇದ್ದರೂ ಕಂಡಿಶನ್ ಎಡವುವುದಿಲ್ಲ.

ಉಳಿದ ಬಲೆಗಳು

ಒಂದು ಸಮ ಚಿಹ್ನೆ ಕಡಿಮೆಯಾದರೆ ಏನಾಗುತ್ತದೆ ಅಂತ ಯೋಚಿಸಿ. ಜಿಡಿಬಿಯಲ್ಲೋ ಕ್ರೋಮ್‌ನಲ್ಲೋ ತೂಕ = 0 ಅಂತ ಬರೆದರೆ ಅದು ಹೋಲಿಕೆಯಲ್ಲ. ಪ್ರತಿ ಸುತ್ತಿನಲ್ಲೂ ತೂಕವನ್ನು ಸೊನ್ನೆ ಮಾಡುತ್ತದೆ. ಸೊನ್ನೆ ಎಂದರೆ ಸುಳ್ಳು, ಹಾಗಾಗಿ ಒಮ್ಮೆಯೂ ನಿಲ್ಲುವುದಿಲ್ಲ. ಎಲ್ಲ ಬಿಲ್ ಸೊನ್ನೆ, ಬ್ರೇಕ್‌ಪಾಯಿಂಟ್ ಮೌನ! ಪಿಡಿಬಿಯಲ್ಲಿ ಈ ಕಾಟ ಇಲ್ಲ, ಅಲ್ಲಿ ಅದು ಬರೀ ಸಿಂಟ್ಯಾಕ್ಸ್ ತಪ್ಪು. ಕಂಡಿಶನ್ ಒಳಗೆ ಮುಂದಿನ ಬಿಲ್ ತರುವಂಥ ಫಂಕ್ಷನ್ ಕರೆದರೂ ಇದೇ ಗತಿ: ನೋಡಲು ಹೋಗಿ ಡೇಟಾವನ್ನೇ ಒಂದು ಹೆಜ್ಜೆ ಮುಂದೆ ತಳ್ಳಿರುತ್ತೀರಿ.

ಬ್ರೇಕ್‌ಪಾಯಿಂಟ್ ನಿಲ್ಲುವುದು ಸಾಲು ಓಡುವ ಮೊದಲು, ಓಡಿದ ಮೇಲೆ ಅಲ್ಲ. ರಾಜ್ಯ_ಕೋಡ್‌ಗೆ ಬೆಲೆ ಕೊಡುವ ಸಾಲಿನಲ್ಲೇ ಅದರ ಮೇಲೆ ಕಂಡಿಶನ್ ಹಾಕಿದರೆ ಕಾಣುವುದು ಹಿಂದಿನ ಬಿಲ್‌ನ ರಾಜ್ಯ_ಕೋಡ್. ಒಂದು ಸಾಲು ಕೆಳಗೆ ಇಡಿ. ಕಿಲೋ ಲೆಕ್ಕದ ದಶಮಾಂಶಗಳನ್ನು ಸಮ ಚಿಹ್ನೆಯಿಂದ ಹಿಡಿಯಲು ಹೋಗಬೇಡಿ. 0.1 ಮತ್ತು 0.2 ಕೂಡಿಸಿದರೆ ಕಂಪ್ಯೂಟರ್‌ಗೆ ಸಿಗುವುದು 0.30000000000000004. ಸಿ ಪ್ರೋಗ್ರಾಂ ಅನ್ನು ವೇಗಕ್ಕಾಗಿ ಆಪ್ಟಿಮೈಸ್ ಮಾಡಿ ಬಿಲ್ಡ್ ಮಾಡಿದ್ದರೆ ವೇರಿಯೆಬಲ್ಲೇ ಕಾಣೆಯಾಗಿರಬಹುದು. ಡಿಬಗ್‌ಗೆ ಬೇರೆ ಬಿಲ್ಡ್ ಇಟ್ಟುಕೊಳ್ಳಿ.

ಕೋಡ್‌ನಲ್ಲೇ ಬರೆಯುವುದು ಯಾವಾಗ

ಕೆಲವರಿಗೆ ಇದು ಕೀಳು ದಾರಿ ಅನಿಸುತ್ತದೆ. ನನಗೆ ಹಾಗಿಲ್ಲ. ಸಾಲು ಲಕ್ಷಗಟ್ಟಲೆ ಸಲ ಓಡುವುದಾದರೆ, ಕಂಡಿಶನ್ ಮೂರು ನಾಲ್ಕು ಭಾಗದ್ದಾದರೆ, ಕೋಡ್‌ನಲ್ಲೇ ಇಫ್ ಬರೆದು ಅದರೊಳಗೆ ನಿಲ್ಲಿಸುವುದೇ ವೇಗ. ಲೆಕ್ಕ ಪ್ರೋಗ್ರಾಂ ಒಳಗೇ ಆಗುತ್ತದೆ, ನಿಜವಾದಾಗ ಮಾತ್ರ ಡಿಬಗರ್ ಏಳುತ್ತದೆ. ಬರೆದ ಕಂಡಿಶನ್ ಅನ್ನು ಕಂಪೈಲರ್ ಕೂಡ ನೋಡುತ್ತದೆ. ಅದಕ್ಕೆ ಟೆಸ್ಟ್ ಬರೆಯಬಹುದು, ಪಕ್ಕದವರಿಗೆ ತೋರಿಸಬಹುದು. ಪೈಥಾನ್‌ನಲ್ಲಿ 2018ರ 3.7ನೇ ಆವೃತ್ತಿಯಿಂದ "ಬ್ರೇಕ್‌ಪಾಯಿಂಟ್" ಎಂಬ ಫಂಕ್ಷನ್ನೇ ಇದೆ. ಜಾವಾಸ್ಕ್ರಿಪ್ಟ್‌ನಲ್ಲಿ "ಡಿಬಗರ್" ಎಂಬ ಒಂದು ಪದ ಸಾಕು. ಜಾವಾದಲ್ಲಿ ಇಫ್ ಒಳಗೆ ಏನೂ ಮಾಡದ ಒಂದು ಸಾಲು ಬರೆದು ಅದರ ಮೇಲೆ ಸಾದಾ ಬ್ರೇಕ್‌ಪಾಯಿಂಟ್ ಇಡಿ. ಆ ಬೆಂಗಳೂರಿನ ಸರ್ವರ್‌ನ 27 ನಿಮಿಷ ಇದರಲ್ಲಿ ಇಲ್ಲವೇ ಇಲ್ಲ. ಮತ್ತೆ ಬಿಲ್ಡ್ ಮಾಡಿ ಸರ್ವರ್‌ಗೆ ಕಳಿಸಬೇಕು, ಅದೊಂದೇ ಖರ್ಚು.

ಇದರ ತೊಂದರೆ ಎಲ್ಲರಿಗೂ ಗೊತ್ತು: ತೆಗೆಯಲು ಮರೆಯುವುದು. ಕೋಡ್ ಕಮಿಟ್ ಮಾಡುವ (ಬದಲಾವಣೆಯನ್ನು ದಾಖಲಿಸುವ) ಮೊದಲು ಆ ಹೆಸರುಗಳನ್ನು ಹುಡುಕುವ ಒಂದು ಸಣ್ಣ ಹುಕ್ (ತಾನಾಗಿ ಓಡುವ ಸ್ಕ್ರಿಪ್ಟ್) ಬರೆದಿಟ್ಟರೆ ಸಾಕು. ಪೈಥಾನ್‌ನಲ್ಲಾದರೆ ಪೈಥಾನ್‌ಬ್ರೇಕ್‌ಪಾಯಿಂಟ್ ಎಂಬ ಎನ್ವಿರಾನ್ಮೆಂಟ್ ವೇರಿಯೆಬಲ್‌ಗೆ 0 ಕೊಟ್ಟು ಎಲ್ಲವನ್ನೂ ಒಟ್ಟಿಗೆ ಆಫ್ ಮಾಡಬಹುದು. ಐಡಿಇ ಒಳಗಿನ ಕಂಡಿಶನ್‌ಗಳೂ ಪ್ರಾಜೆಕ್ಟ್ ಮುಚ್ಚಿ ತೆರೆದಾಗ ಹಾಗೇ ಇರುತ್ತವೆ. ಬೇರೆ ಬಗ್ ಹುಡುಕಲು ಕೂತಾಗ ಮೊದಲು ಬ್ರೇಕ್‌ಪಾಯಿಂಟ್ ಪಟ್ಟಿ ತೆರೆದು ಹಳೆಯದನ್ನೆಲ್ಲ ಅಳಿಸಿ.